ಅಜ್ಜಿ ಸಹಿತ ಮನೆಯ ಬೆಲೆ

ಬಳ್ಳಾರಿಯ ನಮ್ಮ ಓಣಿಯಲ್ಲಿ ಮನೆ ಮಾರುವವನು ತನ್ನ ಮನೆಯ ಬೆಲೆಯನ್ನು ತಾನು ಗೊತ್ತುಮಾಡುತ್ತಿರಲಿಲ್ಲ. ಎದುರು ಮನೆಯವನು ಗೊತ್ತುಮಾಡುತ್ತಿದ್ದ. ಎದುರು ಮನೆಯವನು ಎಷ್ಟಕ್ಕೆ ಮಾರಿದ ಎಂಬುದು ಲೆಕ್ಕಕ್ಕಿರಲಿಲ್ಲ, ಏಕೆಂದರೆ ಆ ವರ್ಷಗಳಲ್ಲಿ ಓಣಿಯ ಯಾವ ಮನೆಯೂ ಮಾರಾಟವಾಗಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ಎಷ್ಟು ಹೇಳಿದ ಎಂಬುದಷ್ಟೇ ಲೆಕ್ಕ.

ದಂಡಿನ ಒಂದು ಪಲ್ಟಣ ಊರು ಬಿಟ್ಟಿತ್ತು. ಅದರ ಹಿಂದೆಯೇ ಹಾಲು, ಹುಲ್ಲು, ಬಟ್ಟೆ ಒದಗಿಸುತ್ತಿದ್ದವರು, ಅವರ ಗುಮಾಸ್ತರು, ಬಾಡಿಗೆಗೆ ಇದ್ದವರು ಎಲ್ಲ ಹೊರಟರು. ದಂಡಿನ ಪಕ್ಕದ ಕೌಲ್ ಬಜಾರಿನಲ್ಲಿ ಬೀಗ ಹಾಕಿದ ಬಾಗಿಲುಗಳ ಮುಂದೆ ಆಡುಗಳು ಮಲಗುತ್ತಿದ್ದವು. ನಮ್ಮ ಓಣಿಯಲ್ಲಿ ಮೂರು ಮನೆಗಳು ಮಾರಾಟಕ್ಕಿದ್ದವು, ಅದರಲ್ಲಿ ನಮ್ಮದೂ ಒಂದು. ಮೂವರು ಯಜಮಾನರೂ ದಿನಾ ಸಂಜೆ ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಬ್ಬರು ಹತ್ತೊಂಬತ್ತುನೂರು ಎಂದರೆ ಇನ್ನೊಬ್ಬರು ತಮ್ಮ ಬಾವಿಯ ನೀರು ಸಿಹಿ ಎಂದು ನೂರು ಸೇರಿಸುತ್ತಿದ್ದರು. ಕೊಳ್ಳುವವರು ಬರದಿದ್ದಷ್ಟೂ ಬೆಲೆ ಏರುತ್ತಿತ್ತು. ಇಳಿಸುವ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಇಳಿಸಿದವನ ಮನೆಯಲ್ಲಿ ಏನೋ ದೋಷವಿರಬೇಕು ಎಂದು ಉಳಿದಿಬ್ಬರೇ ಊರೆಲ್ಲ ಸಾರುತ್ತಿದ್ದರು.

ನಮ್ಮ ದೊಡ್ಡಪ್ಪ ಎರಡು ಸಾವಿರ ಹೇಳುತ್ತಿದ್ದರು. ಹೀಗೆಂದು ನಾನು ಬರೆಯುತ್ತಿದ್ದೇನೆ. ತಂದೆಯವರು ಮಾತ್ರ ಕೊನೆಯವರೆಗೂ ಅದು ಹದಿನೆಂಟುನೂರು ಎನ್ನುತ್ತಿದ್ದರು. ಆಗ ನಾನು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದು ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ದಿನಚರಿ ಬರೆಯುವ ಚಟ ಆಗಲೇ ಹತ್ತಿತ್ತು. ಆದರೆ ಆ ವಾರಗಳಲ್ಲಿ ನಾನು ಬರೆದುಕೊಂಡಿರುವುದು ಸೆಕೆಯ ಬಗ್ಗೆ, ಹಲ್ಲುನೋವಿನ ಬಗ್ಗೆ. ಈಗ ಹೇಳಹೊರಟಿರುವುದರಲ್ಲಿ ಒಂದು ಅಕ್ಷರವೂ ಅದರಲ್ಲಿಲ್ಲ. ಹಾಗಾಗಿ ಮಾತುಗಳನ್ನು ನೆನಪಿನಿಂದ ಎತ್ತಿ ಬರೆಯುತ್ತಿದ್ದೇನೆ; ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರಬಹುದು.

ಮನೆ ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ದೊಡ್ಡಪ್ಪನಿಗೂ ತಂದೆಗೂ ಅದು ಕೂಡಿಯೇ ಇತ್ತು. ದೊಡ್ಡಪ್ಪನಿಗೆ ಸಿರುಗುಪ್ಪದಲ್ಲಿ ಹೊಳೆಯ ಕಾಲುವೆಗೆ ಹತ್ತಿದ ಗದ್ದೆ ಕೊಳ್ಳುವ ಹಟ ಹುಟ್ಟಿತು. ಮುಂಗಡ ಕೊಟ್ಟೂ ಬಂದರು. ಉಳಿದ ಹಣ ಮನೆ ಮಾರಿದರೇ ಹುಟ್ಟಬೇಕು. ಕಚೇರಿಯ ಗುಮಾಸ್ತರಾಗಿದ್ದ ತಂದೆಯವರು ಅಣ್ಣನ ಮಾತಿಗೆ "ನೀ ಹೇಳಿದ್ಹಾಂಗ" ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಆ ಮನೆಯ ಹಿತ್ತಲ ಕಡೆಯ ಕೋಣೆಯಲ್ಲಿ ಸಣ್ಣಜ್ಜಿ ಇದ್ದಳು. ಅಜ್ಜನ ತಮ್ಮನ ಹೆಂಡತಿ. ಹದಿಹರೆಯದಲ್ಲೇ ಗಂಡ ಹೋಗಿ, ತಲೆ ಬೋಳಿಸಿ, ಕೆಂಪು ಮಡಿಸೀರೆ ಉಡಿಸಿ ಆ ಕೋಣೆಗೆ ಸೇರಿಸಿದ್ದರು. ಮಕ್ಕಳಿಲ್ಲ. ಅವಳದೇ ಒಂದು ಒಲೆ, ಒಂದು ತಾಮ್ರದ ಚೆಂಬು, ಗೋಡೆಯ ಗೂಡಿನಲ್ಲಿ ದೇವರು. ಮೂರು ತಲೆಮಾರಿನ ಬಾಣಂತನ, ರೋಗ, ಶ್ರಾದ್ಧದ ಅಡುಗೆ ಎಲ್ಲ ಅವಳ ಕೈಯಲ್ಲೇ ನಡೆದದ್ದು. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ.

ಮನೆ ತೋರಿಸಲು ದೊಡ್ಡಪ್ಪ ಹಿಡಿದದ್ದು ಕೌಲ್ ಬಜಾರಿನ ಒಬ್ಬ ದಲಾಲಿಯನ್ನು. ಎಲ್ಲರೂ ಅವನನ್ನು ಸಾಹೇಬ ಎನ್ನುತ್ತಿದ್ದರು. ದಂಡಿಗೆ ಕುದುರೆ, ಎತ್ತು ಕೊಡಿಸುತ್ತಿದ್ದವನು, ಪಲ್ಟಣ ಹೋದ ಮೇಲೆ ಮನೆಗಳಿಗೆ ಇಳಿದಿದ್ದ. ದನದ ಸಂತೆಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದ: ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರಡಿಯಲ್ಲಿ ಮಾರುವವನ ಬೆರಳು ಹಿಡಿದು ಬೆಲೆ ಕೇಳುವುದು. ಸುತ್ತ ನಿಂತವರಿಗೆ ಬಟ್ಟೆ ಅಲುಗಿದ್ದು ಮಾತ್ರ ಕಾಣುತ್ತಿತ್ತು.

ಮೊದಲ ದಿನ ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತು, ಓಣಿಗೆಲ್ಲ ಕೇಳುವ ಹಾಗೆ, "ಎರಡು ಸಾವಿರ. ಒಂದು ದುಡ್ಡು ಇಳಿಯೂದಿಲ್ಲ" ಎಂದರು.

"ಅದು ಬಾಯಿ ಕಿಮ್ಮತ್ತು ಆತ್ರಿ ಸ್ವಾಮೇರ. ಈಗ ಕೈ ಕಿಮ್ಮತ್ತು ಹೇಳ್ರಿ" ಎಂದು ಸಾಹೇಬ ವಲ್ಲಿ ಚಾಚಿದ.

ಅಷ್ಟರಲ್ಲಿ ಸಣ್ಣಜ್ಜಿ ತುಂಬಿದ ಕೊಡ ಹೊತ್ತು ಅಂಗಳ ದಾಟಿದಳು. ಸಾಹೇಬ ವಲ್ಲಿಯನ್ನು ಹಿಂದಕ್ಕೆ ಎಳೆದುಕೊಂಡ.

"ಅವರು ಯಾರ್ರಿ?"

"ನಮ್ಮ ಕಕ್ಕಿ. ಹಿಂದಿನ ಕೋಣ್ಯಾಗ ಇರ್ತಾಳ."

"ಮನಿ ಕೊಂಡ್ರ ಅವರೂ ಬರ್ತಾರೇನ್ರಿ, ಬಾವಿ ಬಂದಂಗ?"

ತಂದೆಯವರು ನಕ್ಕುಬಿಟ್ಟರು. ದೊಡ್ಡಪ್ಪ ನಗಲಿಲ್ಲ. ಅದು ನಗುವ ಮಾತಲ್ಲ ಎಂದು ಮರುದಿನ ವಕೀಲರೂ ಹೇಳಿದರು. ಮನೆತನದ ವಿಧವೆಗೆ ಸಾಯುವ ತನಕ ಆ ಮನೆಯಲ್ಲಿ ಇರುವ ಹಕ್ಕಿದೆ. ಅವಳು ಇದ್ದಾಳೆಂದು ತಿಳಿದೂ ಕೊಂಡವನು ಅವಳನ್ನು ಹೊರಗೆ ಹಾಕುವಂತಿಲ್ಲ. ಅವಳಾಗಿ ಬಿಟ್ಟುಕೊಟ್ಟರೆ ಮಾತು ಬೇರೆ. ವಕೀಲರ ಮನೆಯಿಂದ ಬರುವಾಗ ದಾರಿಯಲ್ಲೇ ದೊಡ್ಡಪ್ಪ ಬೆಲೆಯನ್ನು ಎರಡು ಮಾಡಿದರು. ಅಜ್ಜಿ ಸಹಿತ ಒಂದು, ಅಜ್ಜಿ ರಹಿತ ಒಂದು. ಈ ಪದಗಳು ಅವರವೇ. ಶ್ರಾದ್ಧದ ಸಂಕಲ್ಪ ಹೇಳುವ ದನಿಯಲ್ಲಿ ಹೇಳುತ್ತಿದ್ದರು.

ರಹಿತದ ಬೆಲೆ ಬರಲಿ ಎಂದು ಮೊದಲು ಅವಳನ್ನು ಬಚ್ಚಿಟ್ಟರು. ಯಾರಾದರೂ ಮನೆ ನೋಡಲು ಬರುತ್ತಾರೆಂದರೆ ಬೆಳಿಗ್ಗೆಯೇ ಅವಳನ್ನು ಗುಡಿಗೆ ಕಳಿಸಿ, ಒಲೆಯ ಬೂದಿ ತೆಗೆಸಿ, ಕೋಣೆಯಲ್ಲಿ ಒಂದು ಹಳೆಯ ಪೆಟ್ಟಿಗೆ ಇಡುತ್ತಿದ್ದರು. ಆದರೆ ಮನೆ ನೋಡಿ ಹೊರಬಂದವರು ಕಟ್ಟೆಯನ್ನು ದಾಟಿಯೇ ಹೋಗಬೇಕಲ್ಲ. ಅಲ್ಲಿ ಎದುರು ಮನೆಯ ಯಜಮಾನರು ಕಾದಿರುತ್ತಿದ್ದರು.

"ಹಿತ್ತಲ ಕೋಣಿ ನೋಡಿದ್ರ್ಯಾ? ಅಲ್ಲೊಂದು ಮುದುಕಿ ಅದ. ಮನೀ ಜೋಡಿ ಬರ್ತದ. ನಮ್ಮ ಮನ್ಯಾಗ ಅಂಥಾದ್ದೇನಿಲ್ಲ, ಬರ್ರಿ, ಒಂದು ಸರ್ತಿ ನೋಡ್ಕೊಂಡು ಹೋಗ್ರಿ."

ಹೀಗೆ ಇಬ್ಬರು ಮೂವರು ಕೈತಪ್ಪಿದರು. ಎದುರು ಮನೆಯೂ ಮಾರಾಟವಾಗಲಿಲ್ಲ. ನಮ್ಮದು ಹೋಗಲಿಲ್ಲವಲ್ಲ ಎಂಬ ಸಮಾಧಾನ ಮಾತ್ರ ಅವರಿಗೆ ಸಿಕ್ಕಿತು.

ಆಗ ಸಾಹೇಬ ಕೊಟ್ಟ ಸಲಹೆ ಇದು: "ಮುಚ್ಚಿಡಬ್ಯಾಡ್ರಿ ಸ್ವಾಮೇರ, ತೋರಸ್ರಿ. ಕುದುರಿ ಮಾರೂವಾಗ ನಾವು ವಯಸ್ಸು ಇಳಿಸಿ ಹೇಳ್ತೀವಿ. ಇಲ್ಲಿ ಉಲ್ಟಾ. ಏರಿಸಿ ಹೇಳ್ರಿ. ಇವತ್ತೋ ನಾಳೆಯೋ ಅನ್ನಂಗ ಮಲಗಿಸ್ರಿ. ಹದಿನೈದು ದಿನದ ಅಜ್ಜಿಗೆ ಯಾವ ಖರೀದಿದಾರ ಕಿಮ್ಮತ್ತು ಮುರೀತಾನ?"

ಅಂದು ಮಧ್ಯಾಹ್ನ ದೊಡ್ಡಪ್ಪ ಸಣ್ಣಜ್ಜಿಯ ಕೋಣೆಯ ಹೊಸ್ತಿಲ ಹೊರಗೆ ಕುಳಿತರು. ಅವಳು ಒಳಗೆ ಬತ್ತಿ ಹೊಸೆಯುತ್ತಿದ್ದಳು. ನಾನು ಬಾವಿಕಟ್ಟೆಯ ಮೇಲಿದ್ದೆ ಎಂದು ನೆನಪು. ಅಲ್ಲಿಂದ ಒಳಗಿನ ಮಾತು ಕೇಳುತ್ತದೆಯೇ ಎಂದು ಈಗ ಅನುಮಾನ ಬರುತ್ತದೆ. ಆದರೂ ಕೇಳಿದೆ.

"ಕಕ್ಕಿ, ನಿನ್ನ ಕೋಣಿ ನಿನಗೇ. ಬರೋವ್ರು ನಿನ್ನ ಇಟ್ಕೊಂಡೇ ಮನಿ ತೊಗೋತಾರ. ನೀ ಒಂದಿಷ್ಟು ಆರಾಮಿಲ್ಲದಾಕಿ ಹಾಂಗ ಮಲಗಿದ್ರ ಸಾಕು. ನಮಗೂ ನಾಕು ದುಡ್ಡು ಹೆಚ್ಚಿಗಿ ಬರ್ತದ."

"ಕೋಣಿ ನನಗ ಇರ್ತದಲ್ಲ?"

"ದೇವರಾಣಿ."

"ಹಂಗಾದ್ರ ಎಷ್ಟು ಹೊತ್ತು ಸಾಯಬೇಕು ಹೇಳು. ದ್ವಾದಶಿ ದಿನ ಆಗೂದಿಲ್ಲ, ಪಾರಣಿ ಅಡಿಗಿ ಇರ್ತದ."

ದೊಡ್ಡಪ್ಪ ನರಳುವುದು ಹೇಗೆಂದು ತೋರಿಸಲು ಹೋದರು. ಅವಳು ತಡೆದಳು. "ನಿಮ್ಮಪ್ಪ, ನಿಮ್ಮವ್ವ, ನಿನ್ನ ಎರಡು ಕೂಸು, ಎಲ್ಲಾ ಸತ್ತದ್ದು ನನ್ನ ಕೈಯಾಗ. ಹೆಂಗ ಸಾಯ್ತಾರಂತ ನನಗ ಹೇಳ್ಕೊಡ್ತೀಯೇನು?"

ಕೊಳ್ಳಲು ಬಂದವರು ಸಿರುಗುಪ್ಪದ ಅಕ್ಕಿ ವ್ಯಾಪಾರಿ ಶೆಟ್ಟರು. ಬಳ್ಳಾರಿಯಲ್ಲಿ ಅಕ್ಕಿ ಇಳಿಸಲು, ಮಕ್ಕಳನ್ನು ಸಾಲೆಗೆ ಹಾಕಲು ಅವರಿಗೊಂದು ಮನೆ ಬೇಕಿತ್ತು. ಅವರದೂ ಮಡಿವಂತಿಕೆಯ ಮನೆ. ಬ್ರಾಹ್ಮಣ ವಿಧವೆ ಹಿತ್ತಲಲ್ಲಿ ತನ್ನ ಅನ್ನ ತಾನು ಬೇಯಿಸಿಕೊಂಡಿದ್ದರೆ ಅಡ್ಡಿಯಿಲ್ಲ ಎಂದಿದ್ದರು. ತೊಲೆಗಳನ್ನು ಕೋಲಿನಿಂದ ಬಡಿದು ನೋಡಿದರು. ಬಾವಿಗೆ ಕಲ್ಲು ಹಾಕಿ ಆಳ ಕೇಳಿದರು. ಆಮೇಲೆ ಹಿತ್ತಲ ಕೋಣೆಯ ಬಾಗಿಲಿಗೆ ಬಂದರು.

ಒಳಗೆ ಕತ್ತಲೆ. ಸಣ್ಣಜ್ಜಿ ಚಾಪೆಯ ಮೇಲೆ ಕಂಬಳಿ ಹೊದ್ದು ಗೋಡೆಗೆ ಮುಖಮಾಡಿ ಮಲಗಿದ್ದಳು. ಉಸಿರನ್ನು ಎಳೆದು, ನಿಲ್ಲಿಸಿ, ಬಹಳ ಹೊತ್ತಾದ ಮೇಲೆ ಬಿಡುತ್ತಿದ್ದಳು. ಆ ನಡುವಿನ ಮೌನದಲ್ಲಿ, ಎಲ್ಲ ಗೊತ್ತಿದ್ದ ನಾನೂ ಮುಂದಿನ ಉಸಿರಿಗೆ ಕಾದೆ.

"ವಯಸ್ಸೆಷ್ಟ್ರಿ?" ಶೆಟ್ಟರು ಪಿಸುಗುಟ್ಟಿದರು.

"ಎಂಬತ್ತು ದಾಟ್ಯಾವ," ಎಂದರು ದೊಡ್ಡಪ್ಪ. "ವೈದ್ಯರು ಕೈ ಬಿಟ್ಟಾರ. ನೀವು ಬರೂದ್ರಾಗ ಖಾಲಿ ಆಗಿರ್ತದ."

ಶೆಟ್ಟರು ಬೆರಳು ಮಡಚುತ್ತಾ ಏನೋ ಎಣಿಸಿದರು. ಬೆಲೆ ಎಣಿಸುತ್ತಿದ್ದಾರೆ ಎಂದು ದೊಡ್ಡಪ್ಪನ ಮುಖ ಅರಳಿತು. ಶೆಟ್ಟರು ಎಣಿಸುತ್ತಿದ್ದದ್ದು ನಕ್ಷತ್ರ.

"ಅಲ್ಲ ಸ್ವಾಮೇರ, ಬರೂ ವಾರ ಧನಿಷ್ಠಾ ಬರ್ತೈತಿ. ಅಲ್ಲಿಂದ ಐದು ದಿನ ಪಂಚಕ. ಈಕಿ ಅದರಾಗ ಹೋದ್ರ ಆರು ತಿಂಗಳು ಮನಿ ಬಿಡಬೇಕು, ಬಾಗಿಲಿಗೆ ಮುಳ್ಳು ಬಡೀಬೇಕು. ರೊಕ್ಕ ನಾ ಕೊಡ್ಲಿ, ಮುಳ್ಳೂ ನಾನೇ ಬಡೀಲೇನು?"

ಕ್ಷೌರಕ್ಕೂ ಪಂಚಾಂಗ ನೋಡುವ ದೊಡ್ಡಪ್ಪ ಇದೊಂದನ್ನು ಮರೆತಿದ್ದರು. ಸಾಹೇಬನಿಗೆ ಪಂಚಕದ ಗೊಡವೆ ಗೊತ್ತಿಲ್ಲ, ಹೇಳಬೇಕಾದವರು ದೊಡ್ಡಪ್ಪನೇ. ಬೆಲೆ ಏರುವ ಸಂಭ್ರಮದಲ್ಲಿ ಅವರು ಅವಳನ್ನು ಸಾಯಿಸಿದ್ದರು, ಯಾವ ದಿನ ಎಂದು ಯೋಚಿಸಿರಲಿಲ್ಲ.

"ಈಕಿನ್ನ ಬ್ಯಾರೆ ಕಡಿಗೆ ಒಯ್ರಿ," ಎಂದರು ಶೆಟ್ಟರು. "ಖಾಲಿ ಕೋಣಿ ತೋರಸ್ರಿ. ಹದಿನಾರುನೂರು ಕೊಡ್ತೀನಿ."

ಕಂಬಳಿ ಸರಿಯಿತು. ಸಣ್ಣಜ್ಜಿ ಎದ್ದು ಕುಳಿತು, ಸೆರಗು ತಲೆಮೇಲೆ ಎಳೆದುಕೊಂಡು, ಗಟ್ಟಿಯಾಗಿ ಹೇಳಿದಳು: "ಶೆಟ್ರ, ನನಗೇನೂ ಆಗಿಲ್ಲ. ನಾ ಸಾಯೂದಿಲ್ಲ. ಈ ಕೋಣಿ ಬಿಟ್ಟು ಎಲ್ಲಿಗೂ ಹೋಗೂದಿಲ್ಲ."

ಶೆಟ್ಟರು ಹಿಂದೆ ಹೆಜ್ಜೆ ಇಟ್ಟು ಕೈಮುಗಿದರು. "ಅಯ್ಯೋ ರಾಮಾ. ಆರೂ ಮುಂದ ದೀಪ ಹಿಂಗ ಉರಿತೈತಿ. ಜಲ್ದಿ ಒಯ್ರಿ, ಜಲ್ದಿ ಒಯ್ರಿ."

ಅವಳು ಎಷ್ಟು ಗಟ್ಟಿಯಾಗಿ ಮಾತಾಡಿದಳೋ ಅಷ್ಟೂ ಅವಳ ಸಾವು ಹತ್ತಿರ ಬಂದಂತೆ ಅವರಿಗೆ ಕಂಡಿತು. ಸಾಹೇಬ ನಗು ತಡೆಯಲಾಗದೆ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಹೋದ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಡಿಗೆ ಬಂಡಿಯಲ್ಲಿ ಅವಳನ್ನು ಕುರುಗೋಡಿಗೆ ಒಯ್ದೆವು. ಅಲ್ಲಿ ಅವಳ ಅಣ್ಣನ ಮಗ ಇದ್ದ. ಬಂಡಿಯಲ್ಲಿ ನಾನು, ದೊಡ್ಡಪ್ಪ, ಅವಳು, ಅವಳ ಚೆಂಬು. ಅವಳು ಅಳಲಿಲ್ಲ. ಬಳ್ಳಾರಿಯ ಗುಡ್ಡ ಮರೆಯಾಗುವ ತನಕ ಹಿಂದಕ್ಕೆ ನೋಡುತ್ತಿದ್ದವಳು ಒಮ್ಮೆ ಮಾತ್ರ, "ದೇವರಾಣಿ ಅಂದಿದ್ದೆಯಲ್ಲ?" ಎಂದಳು. ದೊಡ್ಡಪ್ಪ ಬಂಡಿಯವನಿಗೆ ಎತ್ತಿನ ಬೆಲೆ ಕೇಳುತ್ತಿದ್ದರು.

ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಅಣ್ಣನ ಮಗ ಬಾಗಿಲಲ್ಲೇ ನಿಂತಿದ್ದ. ಬಂಡಿಗೆ ಕೈ ಹಚ್ಚಲಿಲ್ಲ.

"ಸಾಯ್ಲಿಕ್ಕೆ ಇಲ್ಲಿಗೆ ತಂದ್ರೇನು? ನಮ್ಮದೇನು ಮನಿ ಅಲ್ಲೇನು? ನಮಗ ಪಂಚಕ ಇಲ್ಲೇನು?"

"ಹೇ, ಆಕಿಗೇನಾಗ್ಯದ!" ಎಂದರು ದೊಡ್ಡಪ್ಪ. ಒಂದೇ ವಾರದಲ್ಲಿ ಎಂಬತ್ತು ದಾಟಿದವಳು ಮತ್ತೆ ಅರವತ್ತಕ್ಕೆ ಇಳಿದಿದ್ದಳು. "ಕಲ್ಲು ಕುಟ್ಟಿ ತಿಂತಾಳ. ನೀನೇ ನೋಡು."

ಅವಳು ಬಂಡಿಯಿಂದ ಇಳಿದಳು. ಯಾರೂ ಹೇಳುವ ಮೊದಲೇ ಬಾವಿಯ ಹತ್ತಿರ ಹೋಗಿ, ಸೀರೆ ಸಿಕ್ಕಿಸಿ, ಹಗ್ಗ ಎಳೆದು ನೀರು ಸೇದಿದಳು. ಒಂದಾದ ಮೇಲೊಂದು ಕೊಡ. ಹಂಡೆ ತುಂಬಿತು. ಅಣ್ಣನ ಮಗನ ಹೆಂಡತಿ ಖಾಲಿ ಕೊಳಗ ತಂದಿಟ್ಟಳು. ಅದೂ ತುಂಬಿತು. ಆಗ ಅವಳಿಗೆ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಜಾಗ ಸಿಕ್ಕಿತು. ಆವತ್ತಿನಿಂದ ಆ ಮನೆಯ ನೀರೆಲ್ಲ ಅವಳದೇ. ಸೇದುವುದು ನಿಂತ ದಿನ ಬಂಡಿ ಹತ್ತಬೇಕಾಗುತ್ತದೆ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕುರುಗೋಡಿನ ಬಂಡಿಯವರು ಸಿರುಗುಪ್ಪಕ್ಕೆ ಭತ್ತ ತರಲು ಹೋಗುತ್ತಾರೆ. ಬಳ್ಳಾರಿಯಿಂದ ಬಂದ ಬೋಳುತಲೆಯ ಅಜ್ಜಿಯೊಬ್ಬಳು ಹತ್ತು ಜನರ ಮನೆಗೆ ನೀರು ಸೇದುತ್ತಾಳೆಂದು ಅವರ ಬಾಯಿಂದಲೇ ಶೆಟ್ಟರ ಕಿವಿಗೆ ಬಿತ್ತು. ಶೆಟ್ಟರು ಸಾಹೇಬನನ್ನು ಕರೆಸಿಕೊಂಡರು, ನಮಗೂ ಹೇಳಿ ಕಳಿಸಿದರು. ಎಲ್ಲರೂ ಕುರುಗೋಡಿನಲ್ಲಿ ಸೇರಿದೆವು. ತಂದೆಯವರೂ ರಜೆ ಹಾಕಿ ಬಂದಿದ್ದರು.

ಶೆಟ್ಟರು ಜಗಲಿಯ ಮೇಲೆ ಕುಳಿತು ಬಾವಿಯ ಕಡೆ ನೋಡುತ್ತಿದ್ದರು. ಅವಳ ತೋಳಿನ ನರಗಳು ಹಗ್ಗದಂತೆ ಎದ್ದಿದ್ದವು. ದೊಡ್ಡಪ್ಪ ಶೆಟ್ಟರ ಬೆನ್ನ ಹಿಂದಿನಿಂದ, ಕೂತುಕೋ, ಕೆಮ್ಮು ಎಂದು ಸನ್ನೆ ಮಾಡಿದರು. ಅಣ್ಣನ ಮಗ ಬಾಗಿಲಲ್ಲಿ ನಿಂತಿದ್ದ. ಅವಳು ಇಬ್ಬರನ್ನೂ ನೋಡಿ ಮತ್ತೆ ಹಗ್ಗ ಬಿಟ್ಟಳು.

"ಈಕಿ ನನ್ನ ಮೊಮ್ಮಕ್ಕಳ ಮದುವಿ ಮಾಡ್ತಾಳ್ರಿ," ಎಂದರು ಶೆಟ್ಟರು. "ನಾಳೆ ಬಂಡಿ ಹತ್ತಿ ಬಂದು, ನನ್ನ ಕೋಣಿ ಅಂದ್ರ ನಾ ಏನು ಮಾಡ್ಲಿ?"

ಸಾಹೇಬ ವಲ್ಲಿ ಹೊದಿಸಿದ. ದೊಡ್ಡಪ್ಪನ ಕೈ, ಶೆಟ್ಟರ ಕೈ ಅದರಡಿ ಸೇರಿದವು. ಬಟ್ಟೆ ಅಲುಗಿತು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

"ಹನ್ನೆರಡು? ನಾಕುನೂರು ಇಳಿಸ್ತೀಯಾ?" ಎಂದು ಕೂಗಿಯೇಬಿಟ್ಟರು. ವಲ್ಲಿಯಡಿಯ ಬೆಲೆಯನ್ನು ಹೊರಗೆ ಹಾಕುವುದು ಸಂತೆಯಲ್ಲಿ ಮಾನಗೇಡು. ಸಾಹೇಬ ನಾಲಿಗೆ ಕಚ್ಚಿಕೊಂಡ.

"ಸಹಿತ ಹನ್ನೆರಡು," ಎಂದರು ಶೆಟ್ಟರು ಶಾಂತವಾಗಿ. "ಕೋಣಿ ಬಿಟ್ಟೀನಿ ಅಂತ ಆಕಿ ತನ್ನ ಬಾಯಿಲೆ ಅನ್ಲಿ, ಹದಿನಾರು ಈಗ್ಲೇ ಕೊಡ್ತೀನಿ. ಕೇಳ್ರಿ ಆಕಿನ್ನ."

ದೊಡ್ಡಪ್ಪ ಬಾವಿಯ ಕಡೆ ತಿರುಗಿದರು. ದನಿಗೆ ಎಲ್ಲಿಂದಲೋ ಬೆಣ್ಣೆ ಬಂತು. "ಕಕ್ಕಿ, ಬಿಟ್ಟೀನಿ ಅಂತ ಒಂದು ಮಾತು ಅನ್ನವಾ. ಇಲ್ಲಿ ನಿನ್ನ ತವರುಮನ್ಯಾಗ ಸುಖವಾಗಿದ್ದೀ ಅಲ್ಲೇನು?"

ಅವಳು ಹಗ್ಗವನ್ನು ರಾಟೆಯ ಕಂಬಕ್ಕೆ ಸುತ್ತಿ, ಕೈ ಒರೆಸಿಕೊಂಡು, ಗಂಡಸರು ಕುಳಿತಲ್ಲಿಗೆ ಬಂದು ಜಗಲಿಯ ಕಂಬದ ಮರೆಯಲ್ಲಿ ನಿಂತಳು. ಅವಳು ಪರಗಂಡಸರ ಎದುರು ಹಾಗೆ ಬಂದು ನಿಂತದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

"ನಾ ಇದ್ರ ಹನ್ನೆರಡು. ಇರದಿದ್ರ ಹದಿನಾರು. ಹೌದಲ್ರಿ ಶೆಟ್ರ?"

"ಹೌದು ತಾಯಿ."

"ನಡುವಿನ ನಾಕುನೂರು ನಾ ಎದ್ದು ಹೋಗೂದಕ್ಕ ಬರೂದು. ಹಂಗಾದ್ರ ಅದು ನಂದು. ನನ್ನ ಕೈಯಾಗ ಕೊಡ್ರಿ, ಬಿಟ್ಟೀನಿ ಅಂತೀನಿ. ಎಲ್ಯಾರ ಒಂದು ಕೋಣಿ ಮಾಡ್ಕೋತೀನಿ. ಯಾರ ಮನೀಗೂ ನೀರು ಸೇದೂದಿಲ್ಲ, ಯಾರ ಸಲುವಾಗೂ ಸಾಯೂದಿಲ್ಲ."

ಸಾಹೇಬ ತೊಡೆ ತಟ್ಟಿದ. "ಬರಾಬರ್ ಮಾತೈತ್ರಿ! ಇಪ್ಪತ್ತು ವರ್ಷ ದಲಾಲಿ ಮಾಡೀನಿ, ಇಂಥಾ ಚೊಕ್ಕ ಸೌದಾ ನೋಡಿಲ್ಲ."

ಶೆಟ್ಟರು ಒಪ್ಪಿದರು. "ನನಗ ಯಾರ ಕೈಯಾಗ ಕೊಟ್ರೂ ಹದಿನಾರೇ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವಳು ಕೋಣೆ ಬಿಡದಿದ್ದರೂ ದೊಡ್ಡಪ್ಪನಿಗೆ ಸಿಗುವುದು ಹನ್ನೆರಡುನೂರು. ನಾಲ್ಕುನೂರು ತೆಗೆದುಕೊಂಡು ಬಿಟ್ಟರೂ ಹನ್ನೆರಡುನೂರು. ಅವರಿಗೆ ಒಂದು ಕಾಸಿನ ನಷ್ಟವೂ ಇರಲಿಲ್ಲ. ಇದನ್ನು ದೊಡ್ಡಪ್ಪ ನನಗಿಂತ ಬೇಗ ಎಣಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅವರು ಎದ್ದು ನಿಂತರು.

"ತಲಿ ಬೋಳಿಸ್ಕೊಂಡ ಮುಂಡೆಗೆ ನಾಕುನೂರು ರೂಪಾಯಿ! ಓಣ್ಯಾಗ ನಾ ಹೆಂಗ ಮಾರಿ ತೋರಸ್ಲಿ? ಶೆಟ್ರ, ಹನ್ನೆರಡಕ್ಕ ಮುಗಸ್ರಿ. ಸಹಿತ. ಆಕಿ ನಿಮ್ಮ ಮನ್ಯಾಗೇ ಕೊಳೀಲಿ."

"ವಿಚಾರ ಮಾಡ್ರಿ ಸ್ವಾಮೇರ—"

"ಸಹಿತ ಅಂದೆ!"

ಅರ್ಧ ಪಾಲಿನ ಒಡೆಯರಾದ ತಂದೆಯವರ ಕಡೆ ಶೆಟ್ಟರು ನೋಡಿದರು. ತಂದೆಯವರು ನೆಲ ನೋಡುತ್ತಾ, "ಅಣ್ಣ ಹೇಳಿದ್ಹಾಂಗ" ಎಂದರು. ಸಣ್ಣಜ್ಜಿ ಕಂಬದ ಮರೆಯಿಂದ ಅವರನ್ನು ಸ್ವಲ್ಪ ಹೊತ್ತು ನೋಡಿದಳು. ಅವರು ಹುಟ್ಟಿದಾಗಿನ ಬಾಣಂತನವನ್ನೂ ಮಾಡಿದವಳು ಅವಳೇ. ಆಮೇಲೆ ಹೋಗಿ ಕಂಬಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿದಳು. ಕೊಳಗ ಇನ್ನೂ ಅರ್ಧ ಖಾಲಿ ಇತ್ತು.

ಹೀಗೆ ಅವಳಿಗೆ ಕೋಣೆ ಉಳಿಯಿತು; ಚೆಂಬು ಹಿಡಿದು ಬಳ್ಳಾರಿಗೆ ಮರಳಿದಳು. ದೊಡ್ಡಪ್ಪ ಸಿರುಗುಪ್ಪಕ್ಕೆ ಹೋದರು. ನಾವು ಒಂದು ಬಾಡಿಗೆ ಮನೆಗೆ ಹೋದೆವು. ಅಲ್ಲಿ ಮಡಿಗೆ ಜಾಗವಿಲ್ಲ ಎಂದು ತಂದೆಯವರು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದರು. ಶೆಟ್ಟರ ಸಂಸಾರ ಬಂದು ಇಳಿಯಿತು. ಹನ್ನೆರಡುನೂರಕ್ಕೆ ಮನೆ ಹೋದದ್ದು ತಿಳಿದು ಕಟ್ಟೆಯ ಯಜಮಾನರು ದೊಡ್ಡಪ್ಪನ ಹೆಸರೆತ್ತಿದರೆ ಉಗುಳುತ್ತಿದ್ದರು. ಅವರು ಬೆಲೆ ಇಳಿಸಲಿಲ್ಲ.

ಶೆಟ್ಟರು ಮಾತಿಗೆ ತಪ್ಪುವವರಲ್ಲ. ಅವಳನ್ನು ಹೊರಗೆ ಹಾಕಲಿಲ್ಲ. ಆದರೆ ಇರಲು ಹಕ್ಕಿರುವುದು ಅವಳೊಬ್ಬಳಿಗೆ, ಅವಳು ಹಿಡಿಯುವಷ್ಟು ಜಾಗಕ್ಕೆ ಎಂದು ಅವರ ವಕೀಲರು ಹೇಳಿದರಂತೆ. ಕೋಣೆಯಲ್ಲಿ ಅಕ್ಕಿಯ ಮೂಟೆಗಳನ್ನು ಪೇರಿಸಿದರು. ಗೋಡೆಯ ಗೂಡು ಮೂಟೆಗಳ ಹಿಂದೆ ಹೋಯಿತು. ಚಾಪೆಯಗಲದ ಒಂದು ಓಣಿ, ಅದರ ತುದಿಯಲ್ಲಿ ಒಲೆ, ಇಷ್ಟೇ ಉಳಿದದ್ದು. ಇಲಿಗಳು ಬರುತ್ತಿದ್ದವು. ಕೈಯಲ್ಲಿ ಕೋಲು ಹಿಡಿದೇ ಮಲಗುತ್ತಿದ್ದಳು. ಮೂಟೆಗಳಿಗೆ ಪುಗಸಟ್ಟೆ ಕಾವಲು ಸಿಕ್ಕಿತು ಎಂದು ಶೆಟ್ಟರು ಬಂದವರಿಗೆ ಹೇಳಿ ನಗುತ್ತಿದ್ದರು.

ಪ್ರತಿ ಯುಗಾದಿಗೆ ಶೆಟ್ಟರು ಕೋಣೆಯ ಬಾಗಿಲಿಗೆ ಬಂದು ಕೇಳುತ್ತಿದ್ದರು. ಅಷ್ಟರಲ್ಲಿ ನಾನು ಪರೀಕ್ಷೆ ಮುಗಿಸಿ ಬಳ್ಳಾರಿಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಬೇವು ಬೆಲ್ಲ ಕೊಡಲು ಹೋದಾಗ ಒಮ್ಮೆ ಎದುರಿಗಿದ್ದೆ. ಬೇರೆ ವರ್ಷಗಳದ್ದು ಅವಳೇ ಹೇಳಿದ್ದು. ಎಲ್ಲ ಸೇರಿ ನನ್ನ ತಲೆಯಲ್ಲಿ ಈಗ ಒಂದೇ ಯುಗಾದಿಯಾಗಿದೆ.

"ಅಜ್ಜೀ, ಈ ವರ್ಷ ಎಷ್ಟಕ್ಕ ಬಿಡ್ತಿ?"

"ನಾಕುನೂರು."

"ಅದು ಆಗಿನ ಮಾತು. ಆಗ ನಿನಗ ಇಪ್ಪತ್ತು ವರ್ಷ ಬಾಕಿ ಇದ್ವು. ಈಗೆಲ್ಲಿ ಅದಾವ? ನೂರಾ ಐವತ್ತು ಕೊಡ್ತೀನಿ."

"ನಾಕುನೂರು."

"ಬರೂ ವರ್ಷ ಬಂದು ನೂರು ಅಂತೀನಿ. ಅದರ ಮುಂದಿನ ವರ್ಷ ಐವತ್ತು. ಕಡೀಕ ಪುಕ್ಕಟೆ ಬರ್ತೈತಿ. ನಾ ಕಾಯಾಕ ಸಿದ್ಧ ಅದೀನಿ, ನೀ ಹೇಳು."

"ಎದುರು ಮನಿಯವ್ರು ಇಳಿಸ್ಯಾರೇನು?" ಎಂದಳು ಅವಳು. "ಅವರು ಇಳಿಸಿದ ದಿನ ಬಾ."

ಶೆಟ್ಟರು ಹೋದ ಮೇಲೆ ನಾನು, ಸಿಕ್ಕಷ್ಟು ತೆಗೆದುಕೊಂಡುಬಿಡು ಎಂದೆ. ಅವಳು ಒಲೆಗೆ ಕಡ್ಡಿ ಇಡುತ್ತಾ ಹೇಳಿದಳು: "ನೂರಾ ಐವತ್ತಕ್ಕ ಎಲ್ಲಿ ಕೋಣಿ ಬರ್ತದ? ತೋರ್ಸು, ಹೋಗ್ತೀನಿ." ನಾನು ತೋರಿಸಲಾರದೆ ಹೋದೆ. ಮನೆಗಳು ಅಗ್ಗವಾಗಿದ್ದವು, ಖಾಲಿಯೂ ಇದ್ದವು, ಆದರೆ ಒಂಟಿ ಬೋಳುತಲೆಯ ಹೆಂಗಸಿಗೆ ಬಾಗಿಲು ತೆರೆಯುವ ಒಬ್ಬ ಮನೆಯೊಡೆಯನೂ ಸಿಗಲಿಲ್ಲ. ಖಾಲಿ ಬಿದ್ದಿರಲಿ ಎನ್ನುತ್ತಿದ್ದರು.

ಅವಳು ಒಂದು ಮಳೆಗಾಲದ ಬೆಳಿಗ್ಗೆ ಸತ್ತಿದ್ದಳು. ಹಿಂದಿನ ದಿನ ಜ್ವರವಿದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬಂಡಿ ಬರುತ್ತಿತ್ತು. ಚಾಪೆಯ ಮೇಲೆ ಹೆಣ ತಿರುಗಿಸಲು ಜಾಗವಿಲ್ಲದೆ ಮೊದಲು ಮೂಟೆಗಳನ್ನು ಹೊರಗೆ ಸಾಗಿಸಬೇಕಾಯಿತು. ಹಮಾಲರು ಅವಳನ್ನು ದಾಟಿ ದಾಟಿ ಮೂಟೆ ಹೊತ್ತರು. ನಕ್ಷತ್ರ ಒಳ್ಳೆಯದಿತ್ತು, ಶೆಟ್ಟರು ಅದನ್ನು ಮೊದಲು ನೋಡಿಸಿ, ಆಮೇಲೆ ನಮಗೆ ಹೇಳಿ ಕಳಿಸಿದ್ದರು. ಕರ್ಮ ಮಾಡಿದವರು ತಂದೆಯವರು.

ಅಸ್ಥಿ ಬಿಡಲು ಸಿರುಗುಪ್ಪದ ಬಳಿ ತುಂಗಭದ್ರೆಗೆ ಹೋದೆವು. ದೊಡ್ಡಪ್ಪ ಗದ್ದೆಯಿಂದ ನೇರವಾಗಿ ಹೊಳೆಗೆ ಬಂದಿದ್ದರು. ಕಾಲಿಗೆ ಕೆಸರಿತ್ತು. ನೀರಿಗಿಳಿದು ಅಣ್ಣತಮ್ಮಂದಿರು ಒಟ್ಟಿಗೆ ಮುಳುಗು ಹಾಕಿದರು. ಮೇಲೆ ಬಂದು ಪಂಚೆ ಹಿಂಡುವಾಗ ದೊಡ್ಡಪ್ಪ ಕೇಳಿದರು:

"ಈಗ ಕೋಣಿ ಖಾಲಿ ಆತಲ್ಲ. ಶೆಟ್ಟಿ ಮನೀಗೆ ಎಷ್ಟು ಹೇಳ್ತಾನಂತ?"

ಯಾವತ್ತೂ ಅಣ್ಣನ ಮಾತಿನ ಹಿಂದೆಯೇ ಹೋಗುತ್ತಿದ್ದ ತಂದೆಯವರು ಅಂದು ಮುಂದಿದ್ದರು.

"ಸುಡುಗಾಡಿನ್ಯಾಗೇ ಕೇಳಿದೆ," ಎಂದರು. "ಹದಿನಾರು ಅಂದ."